ತೋಟಾ ಗಿಡ್ಡ ಅಂತ ಕೆಲಸ ಗಿಡ್ಡ ಆಗುವುದಿಲ್ಲ

ಆಗಸ್ಟ್ ಬಂತೆಂದರೆ ನನ್ನ ಅಂಗಡಿಯಲ್ಲಿ ಕೋವಿಗಳದ್ದೇ ಸಾಲು. ಸೆಪ್ಟೆಂಬರ್ 3ಕ್ಕೆ ನಮ್ಮ ಕೊಡಗಿನ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್. ಅಷ್ಟರೊಳಗೆ ಮಳೆಗಾಲದ ತುಕ್ಕು ಹೋಗಬೇಕು, ಎಣ್ಣೆ ಬೀಳಬೇಕು, ಪೂಜೆಗೆ ಹೊಳೆಯಬೇಕು. ಅದು ಖುಷಿಯ ಕೆಲಸ. ಆದರೆ ಪ್ರತಿ ವರ್ಷ ಒಬ್ಬರಾದರೂ ಇದೇ ಮಾತು ತರುತ್ತಾರೆ: "ಮೇಸ್ತ್ರಿ, ಇದು ಅಪ್ಪನ ಕಾಲದ .30-06. ಇದನ್ನ .308 ಮಾಡಿಕೊಡಿ. ಗುಂಡು ಒಂದೇ ದಪ್ಪ, ತೋಟಾ ಮಾತ್ರ ಗಿಡ್ಡ. ದೊಡ್ಡದು ಹಿಡಿಸೋ ಕಡೆ ಚಿಕ್ಕದು ಹಿಡಿಸಲ್ವಾ?"

.30-06, .308 ಎರಡೂ ತೋಟಾದ ಅಳತೆಯ ಹೆಸರುಗಳು. ಅವುಗಳ ಎರಡು ಖಾಲಿ ಕೇಸುಗಳನ್ನು (ತೋಟಾದ ಹಿತ್ತಾಳೆ ಕವಚ) ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ ತೋರಿಸುತ್ತೇನೆ. 1906ರ .30-06, ಉದ್ದ 63 ಮಿ.ಮೀ. 1952ರ .308, ಉದ್ದ 51. ತಳದ ಅಗಲ ಒಂದೇ, ಗುಂಡಿನ ದಪ್ಪವೂ ಒಂದೇ. ಜನ ಮೋಸ ಹೋಗುವುದು ಇಲ್ಲೇ. ನೋಡಬೇಕಾದ್ದು ತಳವನ್ನಲ್ಲ, ಹೆಗಲನ್ನು, ಅಂದರೆ ಕೇಸು ಕುತ್ತಿಗೆಯ ಕಡೆ ಸಣ್ಣದಾಗುವ ಇಳಿಜಾರನ್ನು. ಹಿಂದಿನ ಮುಚ್ಚಳ, ಅಂದರೆ ಬೋಲ್ಟ್, ಒತ್ತಿದಾಗ ತೋಟಾದ ಹೆಗಲು ಚೇಂಬರಿನ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡಿನ) ಹೆಗಲಿಗೆ ತಾಗಿ ನಿಲ್ಲಬೇಕು. ಅದು ಸರಿಯಾಗಿದೆಯಾ ಅಂತ ನಾವು ಎರಡು ಗೇಜ್ (ಅಳತೆಯ ಉಕ್ಕಿನ ಅಚ್ಚು) ಹಾಕಿ ನೋಡುತ್ತೇವೆ. 'ಗೋ' ಹಾಕಿದರೆ ಬೋಲ್ಟ್ ಮುಚ್ಚಬೇಕು, 'ನೋ-ಗೋ' ಹಾಕಿದರೆ ಮುಚ್ಚಬಾರದು. .308ಕ್ಕೆ ಈ ಎರಡರ ನಡುವೆ ಇರುವ ಅಂತರ 0.1 ಮಿ.ಮೀ. ಹೆಚ್ಚುಕಡಿಮೆ ಒಂದು ತಲೆಗೂದಲು. ಹೆಗಲಿನಲ್ಲಿ ನೀವು ತಂದಿರುವ ವ್ಯತ್ಯಾಸ 10 ಮಿ.ಮೀ.ಗಿಂತ ಜಾಸ್ತಿ!

"ಸರಿ, ಸ್ವಲ್ಪ ಕೊರೆದು ಅಡ್ಜಸ್ಟ್ ಮಾಡಿ" ಅನ್ನುತ್ತಾರೆ. ಅಣ್ಣಾ, ಚೇಂಬರ್ ಕೊರೆಯುವ ರೀಮರ್ ಕಬ್ಬಿಣ ತೆಗೆಯುತ್ತದೆ, ತುಂಬುವುದಿಲ್ಲ. ಗಿಡ್ಡ ಚೇಂಬರನ್ನು ಉದ್ದ ಮಾಡಬಹುದು. ಹತ್ತು ಕೋಲು ತೋಡಿದ ಬಾವಿಯನ್ನು ಇನ್ನೂ ತೋಡಿ ಎಂಟು ಕೋಲು ಮಾಡೋಕಾಗುತ್ತಾ? ನಳಿಗೆ ಬಿಚ್ಚಿ, ಹಿಂಬದಿಯಿಂದ 12 ಮಿ.ಮೀ.ಗಿಂತ ಜಾಸ್ತಿ ಕತ್ತರಿಸಿ, ಹೊಸ ಮರೆ (ಸ್ಕ್ರೂ ಸುತ್ತು) ಹಾಕಿ, ಮತ್ತೆ ಚೇಂಬರ್ ಕೊರೆಯಬೇಕು. ಆಗ ನಳಿಗೆ ಹಿಂದೆ ಸರಿಯುತ್ತದೆ. ಸೈಟ್ ಜಾಗ ತಪ್ಪುತ್ತದೆ, ಮರದ ಬಟ್ಟಿನಲ್ಲಿ ಕೂರುವುದಿಲ್ಲ. ಮ್ಯಾಗಜೀನಿನಲ್ಲಿ ಗಿಡ್ಡ ತೋಟಾ ಗಡಗಡ ಅನ್ನುತ್ತದೆ. ಅದಕ್ಕಿಂತ ಹೊಸ ನಳಿಗೆಯೇ ವಾಸಿ.

ಗಿಡ್ಡ ಅಂದರೆ ಸೌಮ್ಯ ಅಂತಲೂ ತಿಳಿಯಬೇಡಿ. .30-06ಕ್ಕೆ ಈಡಿನ ಒತ್ತಡದ ಮಿತಿ ಚದರ ಇಂಚಿಗೆ 60,000 ಪೌಂಡ್, ಅಂದರೆ 60,000 ಪಿಎಸ್‌ಐ, .308ಕ್ಕೆ 62,000.

ಒಬ್ಬರು ಬುದ್ಧಿವಂತರು ನನ್ನನ್ನು ಬಿಟ್ಟು ಯಾವುದೋ ಲೇತ್ ಅಂಗಡಿಗೆ ಹೋಗಿದ್ದರು. ಅವನು ಚೇಂಬರ್ ಒಳಗೆ ಒಂದು ಉಕ್ಕಿನ ಬಳೆ ಕೂರಿಸಿ ಜಾಗ ತುಂಬಿದ್ದ. ಮೂರನೇ ಈಡಿಗೆ ಖಾಲಿ ಕೇಸ್ ಹೊರಗೆ ಬಂತು, ಕುತ್ತಿಗೆಯಲ್ಲಿ ಬಳೆ ಸಮೇತ. ಪುಣ್ಯಕ್ಕೆ ಅದು ಅವರ ಕಣ್ಣಿಗೆ ಬಿತ್ತು. ಕಾಣದೆ ಇನ್ನೊಂದು ತುಂಬಿದ್ದರೆ? ಅವರನ್ನು ಬೈಯಲಿಕ್ಕೂ ಮನಸ್ಸು ಬರಲಿಲ್ಲ, ಮುಖ ಅಷ್ಟು ಬಿಳಚಿಕೊಂಡಿತ್ತು. ಇದು ಅವರೊಬ್ಬರ ಪಾಡಲ್ಲ. 1960ರ ದಶಕದಲ್ಲಿ ಅಮೆರಿಕದ ನೌಕಾಪಡೆ ತನ್ನ ಗ್ಯಾರಂಡ್ ರೈಫಲ್‌ಗಳನ್ನು .30-06ರಿಂದ 7.62ಕ್ಕೆ (.308ರ ಸೇನಾ ರೂಪ) ತರಲು ಹೀಗೇ ಬಳೆ ಕೂರಿಸಿತ್ತು. ಅಲ್ಲೂ ಬಳೆ ಕೇಸಿನ ಜೊತೆ ಎದ್ದು ಬಂತು. ಕೊನೆಗೆ ಹೊಸ ನಳಿಗೆಯನ್ನೇ ಹಾಕಿದರು. ನಮ್ಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯವರು ಅದೇ ದಶಕದಲ್ಲಿ 7.62ರ 2ಎ ರೈಫಲ್ ಮಾಡಿದಾಗ ಹಳೆಯ .303 ರೈಫಲಿನ ನಮೂನೆಯನ್ನೇ ಇಟ್ಟುಕೊಂಡರು. ಆದರೆ ಹಳೆಯ ಕೋವಿಗಳನ್ನು ಕೊರೆಯುತ್ತ ಕೂರಲಿಲ್ಲ, ಗಟ್ಟಿ ಉಕ್ಕಿನಲ್ಲಿ ಹೊಸದಾಗಿಯೇ ಮಾಡಿದರು.

ಇನ್ನು ಕಾನೂನು. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿಗೂ ಬದಲಾವಣೆಗೂ ಲೈಸೆನ್ಸ್ ಬೇಕು. ಲೇತ್ ಇದ್ದರೆ ಸಾಲದು. ನಿಮ್ಮ ಕಾಗದದಲ್ಲಿ ಯಾವ ಬೋರ್ ಬರೆದಿದೆಯೋ ಅದೇ ಕೋವಿ ನಿಮ್ಮದು. ಅದು ಬದಲಾಗುವ ಮಾತಿದ್ದರೆ ಮೊದಲು ಡಿಸಿ ಆಫೀಸು, ಆಮೇಲೆ ನಾನು. ನಿಮ್ಮ ಕೋವಿಯನ್ನು ಕಣ್ಣಾರೆ ನೋಡದೆ ಇದಕ್ಕಿಂತ ಹೆಚ್ಚು ಹೇಳಲಾರೆ.

ಅಷ್ಟಕ್ಕೂ ಯಾಕೆ ಬದಲಾಯಿಸಬೇಕು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಶಿಕಾರಿ ಮುಗಿದ ಕಥೆ. ಹೋದ ವರ್ಷ ಒಬ್ಬ ತೋಟದ ಮಾಲೀಕರಿಗೆ ಇಷ್ಟೂ ಹೇಳಿದೆ. ಕಾಫಿ ಕುಡಿದರು, ಸ್ವಲ್ಪ ಹೊತ್ತು ಕೇಸುಗಳನ್ನು ಬೆರಳಲ್ಲಿ ತಿರುಗಿಸಿದರು. "ಹಾಗಾದ್ರೆ ಸುಮ್ನೆ ಪಾಲಿಶ್ ಮಾಡಿ ಕೊಡಿ" ಅಂದರು. ಈ ಸಲವೂ ಬಂದಿದೆ ಅದೇ ಕೋವಿ. ಹಿಂದಿನ ಸೈಟಿನ ಸ್ಕ್ರೂ ಎಲ್ಲೋ ಬಿದ್ದುಹೋಗಿದೆ, ಅದಕ್ಕೊಂದು ಹೊಂದಿಸಬೇಕು.