ಬಸುರಿ ಇದ್ದಾಗ ಒಸಡಿನಿಂದ ರಕ್ತ ಬಂದರೆ ಹೆರಿಗೆಯವರೆಗೆ ಕಾಯಬೇಕೆ?

ಪ್ರಶ್ನೆ: ನನಗೀಗ ಐದು ತಿಂಗಳು. ಹಲ್ಲುಜ್ಜುವಾಗಲೆಲ್ಲ ಒಸಡಿನಿಂದ ರಕ್ತ ಬರುತ್ತಿದೆ. ಒಸಡಿನ ರೋಗವಿದ್ದರೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಗುತ್ತದೆ ಎಂದು ಮೊಬೈಲಿನಲ್ಲಿ ಓದಿ ಹೆದರಿದ್ದೇನೆ. ಬಸುರಿಯರು ಹಲ್ಲಿನ ಡಾಕ್ಟರ ಹತ್ತಿರ ಹೋಗಬಾರದು, ಹೆರಿಗೆಯಾದ ಮೇಲೆ ತಾನೇ ಹೋಗುತ್ತದೆ ಎನ್ನುತ್ತಾರೆ ನಮ್ಮತ್ತೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಕಾಯಬೇಡಿ, ಈಗಲೇ ತೋರಿಸಿ. ಹಲ್ಲಿನ ಚಿಕಿತ್ಸೆಗೆ ಇದಕ್ಕಿಂತ ಅನುಕೂಲವಾದ ಕಾಲ ಇಡೀ ಬಸಿರಿನಲ್ಲಿ ಇನ್ನೊಂದಿಲ್ಲ. ಮೊದಲ ತಿಂಗಳುಗಳ ವಾಕರಿಕೆ ಸಾಮಾನ್ಯವಾಗಿ ಈ ಹೊತ್ತಿಗೆ ಕಳೆದಿರುತ್ತದೆ. ಅಂಗಾತ ಮಲಗಿದಾಗ ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತು ಬರುವ ಕೊನೆಯ ತಿಂಗಳುಗಳ ತೊಂದರೆ ಇನ್ನೂ ಅಷ್ಟಾಗಿ ಶುರುವಾಗಿರುವುದಿಲ್ಲ.

ನಿಮ್ಮತ್ತೆಯವರ ಮಾತಿನಲ್ಲಿ ಅರ್ಧ ನಿಜವಿದೆ. ಬಸಿರಿನಲ್ಲಿ ಹೆಚ್ಚುವ ಪ್ರೊಜೆಸ್ಟೆರಾನ್ ಮತ್ತು ಈಸ್ಟ್ರೋಜೆನ್ ಹಾರ್ಮೋನುಗಳು ತಾವಾಗಿ ಒಸಡಿನ ರೋಗವನ್ನು ಹುಟ್ಟಿಸುವುದಿಲ್ಲ; ಹಲ್ಲಿನ ಬುಡದಲ್ಲಿ ಕಟ್ಟಿಕೊಂಡ ಪಾಚಿಯ ಮೇಲೆ ಒಸಡಿಗಿರುವ ಸಿಟ್ಟನ್ನು ಹೆಚ್ಚಿಸುತ್ತವೆ. ಮೊದಲು ತಡೆದುಕೊಳ್ಳುತ್ತಿದ್ದ ಅಷ್ಟೇ ಪಾಚಿಗೆ ಈಗ ಒಸಡು ಕೆಂಪಾಗಿ ಊದಿ ರಕ್ತ ಒಸರುತ್ತದೆ. ಇದು ಎರಡನೆಯ ತಿಂಗಳಿನ ಸುಮಾರಿಗೆ ಕಾಣಿಸಿಕೊಂಡು, ಎಂಟನೆಯ ತಿಂಗಳಲ್ಲಿ ಹೆಚ್ಚಾಗಿ, ಹೆರಿಗೆಯ ನಂತರ ಇಳಿಯುವುದುಂಟು. ಆದರೆ ರೋಗ ಒಸಡಿನ ಕೆಳಗಿಳಿದು, ಹಲ್ಲನ್ನು ಹಿಡಿದಿರುವ ಮೂಳೆಯನ್ನೇ ಕರಗಿಸತೊಡಗಿದ್ದರೆ (ಪೆರಿಯೊಡಾಂಟೈಟಿಸ್ ಎನ್ನುವುದು ಇದನ್ನೇ) ಅದು ಹೆರಿಗೆಯಾಯಿತೆಂದು ನಿಲ್ಲುವುದಿಲ್ಲ, ಕರಗಿದ ಮೂಳೆ ತಾನಾಗಿ ಮರಳುವುದೂ ಇಲ್ಲ. ಕನ್ನಡಿಯಲ್ಲಿ ಎರಡೂ ಒಂದೇ ತೆರನಾಗಿ ಕಾಣಬಹುದಾದ್ದರಿಂದ ಪರೀಕ್ಷೆ ಬೇಕಾಗುತ್ತದೆ. ಮಗು ತಾಯಿಯ ಹಲ್ಲಿನ ಸುಣ್ಣವನ್ನು ಹೀರಿಕೊಳ್ಳುವುದರಿಂದ ಹೀಗಾಗುತ್ತದೆ ಎಂಬ ಮಾತಿಗಂತೂ ಆಧಾರವಿಲ್ಲ.

ಇನ್ನು ಮಗುವಿನ ವಿಷಯ. 37 ವಾರ ತುಂಬುವ ಮೊದಲಿನ ಹೆರಿಗೆಗೂ, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸಿಗೂ ತಾಯಿಯ ಒಸಡಿನ ರೋಗಕ್ಕೂ ನಂಟಿರಬಹುದೆಂಬ ಅನುಮಾನ 1996ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಿಂದ ಬಲವಾಯಿತು. ಒಸಡಿನ ಬ್ಯಾಕ್ಟೀರಿಯಾಗಳಾಗಲಿ, ಉರಿಯೂತದ ರಾಸಾಯನಿಕಗಳಾಗಲಿ ರಕ್ತದ ಮೂಲಕ ಗರ್ಭವನ್ನು ತಲುಪಬಹುದು ಎಂಬುದು ಅದಕ್ಕೆ ಕೊಡುವ ವಿವರಣೆ. ಆದರೆ ನಂಟಿದ್ದ ಮಾತ್ರಕ್ಕೆ ಅದೇ ಕಾರಣವಾಗಬೇಕಿಲ್ಲ. ಬಡತನ, ತಂಬಾಕು, ಅಪೌಷ್ಟಿಕತೆಗಳು ಎರಡರ ಹಿಂದೆಯೂ ಇರಬಹುದು. 2006ರಲ್ಲಿ ಅಮೆರಿಕದಲ್ಲೇ 823 ಗರ್ಭಿಣಿಯರಲ್ಲಿ ಅರ್ಧದಷ್ಟು ಮಂದಿಗೆ ಹೆರಿಗೆಗೆ ಮೊದಲೇ, ಉಳಿದವರಿಗೆ ಹೆರಿಗೆಯ ನಂತರ ಒಸಡಿನ ಚಿಕಿತ್ಸೆ ಕೊಟ್ಟು ನೋಡಿದಾಗ, ಅವಧಿಪೂರ್ವ ಹೆರಿಗೆಯ ಪ್ರಮಾಣ ಕ್ರಮವಾಗಿ ಶೇ. 12 ಮತ್ತು ಶೇ. 12.8 ಆಗಿತ್ತು; ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಲ್ಲು ಕ್ಲೀನ್ ಮಾಡಿಸಿದರೆ ತಿಂಗಳು ತುಂಬಿಯೇ ಹೆರಿಗೆಯಾಗುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಅದೇ ಅಧ್ಯಯನದಲ್ಲಿ ಚಿಕಿತ್ಸೆ ಪಡೆದವರ ಒಸಡು ಸುಧಾರಿಸಿತು, ಚಿಕಿತ್ಸೆಯಿಂದ ಬಸಿರಿಗೆ ಕೆಡುಕಾಗಲಿಲ್ಲ. ನಿಮ್ಮ ಮನೆಯ ವಾದಕ್ಕೆ ಬೇಕಾದ ಉತ್ತರ ಇದರಲ್ಲಿದೆ. ತಾಯಿಯ ಬಾಯಿ ತಾಯಿಗಾಗಿಯೇ ಚೆನ್ನಾಗಿರಬೇಕು ಎನ್ನುವುದು ಏಕೋ ನಮ್ಮಲ್ಲಿ ಸಾಕಷ್ಟು ದೊಡ್ಡ ಕಾರಣವೆನಿಸುವುದೇ ಇಲ್ಲ.

ನಿಮ್ಮೂರಿನಲ್ಲಿ ಬಾಪೂಜಿ ದಂತ ವೈದ್ಯಕೀಯ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇವೆ. ಚಿತ್ರದುರ್ಗದವರಿಗೆ ಎಸ್‌ಜೆಎಂ ದಂತ ಕಾಲೇಜಿದೆ. ಒಸಡಿನ ವಿಭಾಗ ಎಂದು ಕೇಳಿ, ತಾಯಿ ಕಾರ್ಡ್ ಜೊತೆಗೊಯ್ಯಿರಿ, ಎಷ್ಟು ತಿಂಗಳೆಂದು ಮೊದಲೇ ಹೇಳಿ. ಮರಗಟ್ಟಿಸಲು ಕೊಡುವ ಲಿಗ್ನೊಕೇನ್ ಇಂಜೆಕ್ಷನ್ನಿಗೆ ಹೆದರಬೇಕಿಲ್ಲ. ಆದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಮಾತ್ರೆಯನ್ನಾಗಲಿ ಆಂಟಿಬಯಾಟಿಕ್ ಮಾತ್ರೆಯನ್ನಾಗಲಿ ನುಂಗಬೇಡಿ: ನೋವಿಗೆ ಕೊಡುವ ಐಬುಪ್ರೊಫೆನ್ ಬಸಿರಿನ ಎರಡನೆಯ ಅರ್ಧದಲ್ಲಿ ಸಲ್ಲದು, ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಗುವಿನ ಹಲ್ಲಿನ ಬಣ್ಣ ಕೆಡಿಸುತ್ತದೆ.

ಈ ಸೀಮೆಯ ಹಲವು ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಹಲ್ಲಿನ ಮೇಲೆ ಕಂದು ಕಲೆ ಮೂಡುವುದುಂಟು; ಅದು ಒಸಡಿನ ರೋಗವಲ್ಲ. ಅದನ್ನು ಹೋಗಲಾಡಿಸಲು ಇಟ್ಟಿಗೆ ಪುಡಿಯಲ್ಲೋ ಬೂದಿಯಲ್ಲೋ ತಿಕ್ಕಿದರೆ ಒಸಡು ಸವೆಯುತ್ತದೆ, ಕಲೆ ಉಳಿಯುತ್ತದೆ. ಎಲೆ-ಅಡಿಕೆಯ ಜೊತೆ ಹೊಗೆಸೊಪ್ಪಿನ ಚಟವಿದ್ದರೆ ಬಿಡಿ. ಕೂಸಿನ ತೂಕ ಕಡಿಮೆಯಾಗಲು ಅದೂ ಒಂದು ಕಾರಣ.

ರಕ್ತ ಬರುತ್ತದೆಂದು ಬ್ರಷ್ ಬಿಡಬೇಡಿ, ಮೆತ್ತನೆಯದನ್ನು ಬಳಸಿ. ವಾಂತಿಯಾದರೆ ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ ಮುಕ್ಕಳಿಸಿ, ಅರ್ಧ-ಮುಕ್ಕಾಲು ಗಂಟೆ ಬಿಟ್ಟು ಉಜ್ಜಿ. ಜ್ವರವೋ ಕೆನ್ನೆಯ ಊತವೋ ಕಂಡರೆ ಅಂದೇ ಹೋಗಿ. ಹೆರಿಗೆಯಾಗಿ ಎರಡು-ಮೂರು ತಿಂಗಳಾದರೂ ರಕ್ತ ನಿಲ್ಲದಿದ್ದರೆ ಅದನ್ನು ಬಸಿರಿನ ಲೆಕ್ಕಕ್ಕೆ ಬರೆಯದೆ ಇನ್ನೊಮ್ಮೆ ತೋರಿಸಿ.