ಒಂದು ಏಟಿನೊಳಗೆ ಎಷ್ಟು ಫ್ರೇಮ್?

ಸುಗ್ಗಿ ಹಬ್ಬ ಪುತ್ತರಿಯ ಸಮಯದಲ್ಲಿ ಕೊಡಗಿನ ಮಂದ್‌ಗಳಲ್ಲಿ, ಅಂದರೆ ಊರ ಬಯಲುಗಳಲ್ಲಿ, ಪರಿಯಕಳಿ ಎಂಬ ಬೆತ್ತದ ಕಾಳಗ ನೋಡಿದವರಿಗೆ ಅದರ ನಿಯಮ ಗೊತ್ತು. ಇಬ್ಬರೂ ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಗುರಾಣಿ ಹಿಡಿದಿರುತ್ತಾರೆ. ಹೊಡೆತ ಬೀಳಬೇಕಾದ್ದು ಮೊಣಕಾಲಿನ ಕೆಳಗೆ ಮಾತ್ರ. ವಿರಾಜಪೇಟೆಯಲ್ಲಿ ಕೋಡಿಂಗ್ ಕಲಿಯುವ ಕೆಲವು ಹುಡುಗ ಹುಡುಗಿಯರ ಜೊತೆ ಕೂತು ಈ ಆಟವನ್ನು ವಿಡಿಯೊ ಗೇಮ್ ಮಾಡುತ್ತಿದ್ದೇನೆ. ಆಟಗಾರ ಎಡದಿಂದ ಬಲಕ್ಕೆ ನಡೆಯುತ್ತಾನೆ, ಪರದೆ ಅವನ ಜೊತೆ ಸರಿಯುತ್ತದೆ, ಎದುರಾಳಿಗಳು ಒಬ್ಬೊಬ್ಬರಾಗಿ ಸಿಗುತ್ತಾರೆ. ಚಿತ್ರ ಚೆನ್ನಾಗಿದ್ದರೆ ಹೊಡೆದಾಟವೂ ಚೆನ್ನಾಗಿರುತ್ತದೆ ಅಂತ ಮಕ್ಕಳು ನಂಬಿದ್ದರು. ಆದರೆ ಏಟಿಗೆ ತೂಕ ಬರುವುದು ಬಹುಪಾಲು ಸಮಯದ ಲೆಕ್ಕದಿಂದ.

ಕಂಪ್ಯೂಟರಿಗೆ ಬೆತ್ತವೂ ಕಾಣಿಸದು, ಕಾಲೂ ಕಾಣಿಸದು. ಅದಕ್ಕೆ ಗೊತ್ತಿರುವುದು ಕಣ್ಣಿಗೆ ಬೀಳದ ಆಯತಗಳು. ಬೆತ್ತದ ಮೇಲಿನ ಆಯತ ಹಿಟ್‌ಬಾಕ್ಸ್, ಏಟು ತಿನ್ನುವ ಜಾಗದ್ದು ಹರ್ಟ್‌ಬಾಕ್ಸ್. ಎರಡೂ ಒಂದರ ಮೇಲೊಂದು ಬಿದ್ದಿವೆಯೇ ಎಂದು ನೋಡಲು ನಾಲ್ಕು ಹೋಲಿಕೆ ಸಾಕು. ಪರಿಯಕಳಿಯ ನಿಯಮ ಇಲ್ಲಿ ತುಂಬಾ ಸುಲಭವಾಗಿ ಕೂರುತ್ತದೆ: ಹರ್ಟ್‌ಬಾಕ್ಸ್ ಕಣಕಾಲಿಗೆ ಮಾತ್ರ, ಗುರಾಣಿಗೆ ಬೇರೊಂದು ಆಯತ. ಮೊದಲು ಗುರಾಣಿ ನೋಡಬೇಕು, ಆಮೇಲೆ ಕಾಲು.

ಇಂಥ ಗೇಮ್‌ಗಳಲ್ಲಿ ಇನ್ನೊಂದು ತೊಡಕಿದೆ. 1987ರ ಡಬಲ್ ಡ್ರ್ಯಾಗನ್‌ನಲ್ಲಿ ಆಟಗಾರ ಪರದೆಯ ಮೇಲಕ್ಕೂ ಕೆಳಕ್ಕೂ ನಡೆಯಬಹುದು. ಅಂದರೆ ನೆಲಕ್ಕೆ ಆಳ ಇದೆ. ಒಬ್ಬ ಹಿಂದೆ, ಒಬ್ಬ ಮುಂದೆ ನಿಂತಿದ್ದರೂ ಚಿತ್ರಗಳು ತಾಗುತ್ತವೆ. ಹಾಗಾಗಿ ಆಳದ ವ್ಯತ್ಯಾಸವನ್ನೂ ನೋಡದಿದ್ದರೆ ಬೆತ್ತ ಗಾಳಿಯಲ್ಲಿ ಬೀಸಿದರೂ ಏಟು ಬಿದ್ದುಬಿಡುತ್ತದೆ.

ಈಗ ಸಮಯಕ್ಕೆ ಬರೋಣ. ಹೊಡೆದಾಟದ ಗೇಮ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಸ್ಥಿರ ಚಿತ್ರಗಳಂತೆ ಓಡುತ್ತವೆ. ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಪ್ರತಿ ಏಟಿಗೂ ಮೂರು ಭಾಗ: ಬೆತ್ತ ಎತ್ತುವುದು, ತಾಗಬಲ್ಲ ಗಳಿಗೆ, ಮತ್ತೆ ಸಾವರಿಸಿಕೊಳ್ಳುವುದು. ನಮ್ಮ ಸಣ್ಣ ಏಟಿನಲ್ಲಿ ಇವು 5, 3, 12 ಫ್ರೇಮ್. ದೊಡ್ಡ ಏಟಿನಲ್ಲಿ 22, 4, 26.

ಈ ಸಂಖ್ಯೆಗಳನ್ನು ಸುಮ್ನೆ ಇಟ್ಟಿಲ್ಲ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಓಗೊಡಲು ಮನುಷ್ಯನಿಗೆ ಸರಿಸುಮಾರು ಕಾಲು ಸೆಕೆಂಡ್ ಬೇಕು, ಅಂದರೆ 15 ಫ್ರೇಮ್. 5 ಫ್ರೇಮಿನ ಏಟನ್ನು ನೋಡಿ ತಡೆಯಲು ಯಾರಿಂದಲೂ ಆಗದು, ಮೊದಲೇ ಊಹಿಸಬೇಕು. 22 ಫ್ರೇಮಿನದನ್ನು ನೋಡಿ ಗುರಾಣಿ ಅಡ್ಡ ಹಿಡಿಯಬಹುದು. ಜಾಸ್ತಿ ನೋವು ಕೊಡುವ ಏಟು ಮೊದಲೇ ತನ್ನ ಸುಳಿವು ಕೊಡಲೇಬೇಕು. ಹಾಗಿಲ್ಲದ ಗೇಮ್ ಮೋಸ ಅಂತ ನನ್ನ ಖಚಿತ ಅಭಿಪ್ರಾಯ.

ಏಟು ತಾಗಿದ ಮೇಲೂ ಲೆಕ್ಕ ನಿಲ್ಲುವುದಿಲ್ಲ. ಸಣ್ಣ ಏಟು ತಾಗಬಲ್ಲ 3 ಫ್ರೇಮ್‌ಗಳಲ್ಲಿ ಮೊದಲನೆಯದರಲ್ಲೇ ತಾಗಿತು ಅನ್ನಿ. ಹೊಡೆದವನು ಮತ್ತೆ ಸಿದ್ಧವಾಗಲು ಇನ್ನು 2 ಮತ್ತು 12, ಒಟ್ಟು 14 ಫ್ರೇಮ್ ಬೇಕು. ಏಟು ತಿಂದವನು 17 ಫ್ರೇಮ್ ತತ್ತರಿಸಿದರೆ ಹೊಡೆದವನಿಗೆ 3 ಫ್ರೇಮ್ ಮುನ್ನಡೆ. ಅಷ್ಟರಲ್ಲಿ ಮುಂದಿನ ಏಟು ತಲುಪದು, ಎದುರಾಳಿ ಗುರಾಣಿ ಎತ್ತಿಬಿಡುತ್ತಾನೆ. 21 ಫ್ರೇಮ್ ತತ್ತರಿಸಿದರೆ ಮುನ್ನಡೆ 7. ಎರಡನೇ ಏಟು 6ನೇ ಫ್ರೇಮಿನಲ್ಲೇ ತಾಗುತ್ತದೆ. ಇದೇ ಕಾಂಬೊ, ಅಂದರೆ ತಡೆಯಲು ಬಿಡದೆ ಒಂದರ ಹಿಂದೊಂದು ಬೀಳುವ ಏಟುಗಳ ಸರಣಿ. ಇದು ಕೊನೆಯಿಲ್ಲದೆ ನಡೆಯಬಾರದಲ್ಲ? ಅದಕ್ಕೇ ಪ್ರತಿ ಏಟಿಗೂ ಎದುರಾಳಿಯನ್ನು ಒಂಚೂರು ಹಿಂದೆ ತಳ್ಳುತ್ತೇವೆ. ಎರಡು ಮೂರು ಏಟಿಗೆ ಅವನು ಬೆತ್ತಕ್ಕೆ ಎಟುಕದಷ್ಟು ದೂರ ಹೋಗಿರುತ್ತಾನೆ.

ಕಾಂಬೊ ಜನಪ್ರಿಯವಾದದ್ದು 1991ರಲ್ಲಿ ಬಂದ ಸ್ಟ್ರೀಟ್ ಫೈಟರ್ 2ರಿಂದ. ಅದನ್ನು ಯಾರೂ ಯೋಜಿಸಿರಲಿಲ್ಲ. ಕಾರು ಒಡೆಯುವ ಬೋನಸ್ ಹಂತವನ್ನು ಪರೀಕ್ಷಿಸುವಾಗ ಎರಡು ಗುದ್ದುಗಳ ನಡುವೆ ಇನ್ನೊಂದು ಏಟು ತೂರಿಸಬಹುದು ಅಂತ ನಿರ್ಮಾಪಕ ನೊರಿಟಾಕಾ ಫುನಾಮಿಜು ಗಮನಿಸಿದರು. ಅದನ್ನು ತೆಗೆಯದೆ ಹಾಗೇ ಬಿಟ್ಟರು.

ಹೊಸದಾಗಿ ಬರೆಯುವವರಿಗೆಲ್ಲ ಎದುರಾಗುವ ಒಂದು ವಿಚಿತ್ರ ಇದೆ. ಬೆತ್ತ ತಾಗಬಲ್ಲ ಗಳಿಗೆ 3 ಫ್ರೇಮ್. ಪ್ರತಿ ಫ್ರೇಮಿನಲ್ಲೂ ಆಯತಗಳು ತಾಗಿಯೇ ಇರುತ್ತವೆ, ಹಾಗಾಗಿ ಒಂದೇ ಬೀಸಿಗೆ ಮೂರು ಏಟು ಲೆಕ್ಕಕ್ಕೆ ಸೇರುತ್ತವೆ. ಪರಿಹಾರ ಸರಳ: ಈ ಬೀಸಿನಲ್ಲಿ ಯಾರಿಗೆ ಏಟು ಬಿದ್ದಾಯಿತು ಅಂತ ಒಂದು ಪಟ್ಟಿ ಇಟ್ಟುಕೊಳ್ಳುವುದು, ಹೊಸ ಬೀಸಿಗೆ ಅದನ್ನು ಖಾಲಿ ಮಾಡುವುದು.

ನನಗೆ ತುಂಬಾ ಇಷ್ಟವಾದ ಉಪಾಯ ಹಿಟ್‌ಸ್ಟಾಪ್. ಬೆತ್ತ ತಾಗಿದ ಕೂಡಲೇ ಇಬ್ಬರನ್ನೂ 7 ಫ್ರೇಮ್ ಹಾಗೇ ನಿಲ್ಲಿಸಿಬಿಡುತ್ತೇವೆ. ಆಡುವವರಿಗೆ ಅದು ತಡವೆಂದು ಅನ್ನಿಸುವುದೇ ಇಲ್ಲ, ಏಟು ಬಲವಾಗಿ ಬಿತ್ತು ಅನ್ನಿಸುತ್ತದೆ. ಅದನ್ನು ತೆಗೆದುಹಾಕಿ ಮಕ್ಕಳಿಗೆ ಆಡಲು ಕೊಟ್ಟೆ. ಚಿತ್ರ, ಸದ್ದು ಎಲ್ಲ ಅದೇ ಇದ್ದರೂ "ಬೆತ್ತ ಹಗುರ ಆಗಿದೆ" ಅಂದರು.

ಆದರೆ ಆ 7 ಫ್ರೇಮ್‌ಗಳಲ್ಲಿ ಆಟಗಾರ ಬಟನ್ ಒತ್ತುತ್ತಲೇ ಇರುತ್ತಾನೆ. ಅದನ್ನು ಕೈಬಿಟ್ಟರೆ ಗೇಮ್ ತನ್ನ ಮಾತು ಕೇಳಲಿಲ್ಲ ಅಂತ ಸಿಟ್ಟಾಗುತ್ತಾನೆ. ಅದಕ್ಕೇ ಒತ್ತಿದ್ದನ್ನು ಒಂದು ಬಫರ್‌ನಲ್ಲಿ ನೆನಪಿಟ್ಟು, ಚಲನೆ ಮತ್ತೆ ಶುರುವಾದೊಡನೆ ನಡೆಸುತ್ತೇವೆ. ಎಷ್ಟು ಹೊತ್ತು ನೆನಪಿಡಬೇಕು ಅನ್ನುವುದೇ ಈಗ ನಮ್ಮಲ್ಲಿನ ಚರ್ಚೆ. ಸದ್ಯಕ್ಕೆ 8 ಫ್ರೇಮ್. ಅದನ್ನು 20ಕ್ಕೆ ಏರಿಸಿದರೆ ಆಟಗಾರ ಮನಸ್ಸು ಬದಲಿಸಿ ಗುರಾಣಿ ಹಿಡಿಯಲು ಹೊರಟಾಗಲೂ ಹಳೆಯ ಬಟನ್‌ನ ಏಟು ಹೊರಬರುತ್ತದೆ.