ಚೆನ್ನಮ್ಮ ಒಬ್ಬಳಲ್ಲ ಮಾರಾಯ್ರೇ, ಇಬ್ಬರು

ಪ್ರಶ್ನೆ: ಶಿವಾಜಿ ಮಗನಿಗೆ ಆಶ್ರಯ ಕೊಟ್ಟ ಕಿತ್ತೂರು ಚೆನ್ನಮ್ಮ ಬ್ರಿಟಿಷರ ಜೊತೆಗೂ ಯುದ್ಧ ಮಾಡಿದ್ದು ಹೇಗೆ?

ಮಾಡಿಲ್ಲ. ಆಶ್ರಯ ಕೊಟ್ಟವಳು ಬೇರೆ, ಬ್ರಿಟಿಷರನ್ನು ಎದುರಿಸಿದವಳು ಬೇರೆ. ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವ ಹತ್ತಿರ ಬಂದರೆ ಸಾಕು, ಈ ಪ್ರಶ್ನೆ ತಪ್ಪದೆ ಬರುತ್ತದೆ.

ಸುಮ್ನೆ ಲೆಕ್ಕ ಹಾಕಿ. ಮೊಘಲರಿಂದ ತಪ್ಪಿಸಿಕೊಂಡು, ಯಾತ್ರಿಕರ ವೇಷದಲ್ಲಿ ತಮಿಳುನಾಡಿನ ಜಿಂಜಿ ಕೋಟೆಗೆ ಹೊರಟಿದ್ದ ಶಿವಾಜಿ ಮಗ ರಾಜಾರಾಮನಿಗೆ ಕೆಳದಿ ಚೆನ್ನಮ್ಮ ನೆರವಾಗಿದ್ದು 1689ರಲ್ಲಿ. ಕಿತ್ತೂರು ಕೋಟೆ ಎದುರು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತಿದ್ದು 1824ರ ಅಕ್ಟೋಬರ್ 23ರಂದು. ನಡುವೆ 135 ವರ್ಷ. ಇಬ್ಬರೂ ಒಬ್ಬಳೇ ಆಗಿದ್ದರೆ ಥ್ಯಾಕರೆ ಬಂದಾಗ ನಮ್ಮ ರಾಣಿಗೆ 150 ದಾಟಿರಬೇಕಿತ್ತು, ಕತ್ತಿ ಹಿಡಿಯೋದಿರಲಿ ಕೋಲು ಹಿಡಿಯೋದೂ ಕಷ್ಟ ಅಲ್ವಾ? ಇಷ್ಟು ಹೇಳಿದ ಮೇಲೂ ಯಾರೋ ಒಬ್ಬರು 'ಹಾಗಾದ್ರೆ ಮೊಮ್ಮಗಳಿರಬೇಕು' ಅಂತಾರೆ. ಅಲ್ಲ! ಗಂಡಂದಿರನ್ನು ನೋಡಿ: ಕೆಳದಿಯವಳಿಗೆ ಸೋಮಶೇಖರ ನಾಯಕ, ಕಿತ್ತೂರಿನವಳಿಗೆ ಮಲ್ಲಸರ್ಜ. ಕೆಳದಿ ರಾಜ್ಯವನ್ನು ಹೈದರ್ ಅಲಿ 1763ರಲ್ಲೇ ನುಂಗಿದ, ಕಾಕತಿಯಲ್ಲಿ ಹುಟ್ಟಿದ ಕಿತ್ತೂರು ಚೆನ್ನಮ್ಮ ಆಗ ಭೂಮಿಗೇ ಬಂದಿರಲಿಲ್ಲ. ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್‌ನಲ್ಲಿ ಕುದುರೆ ಮೇಲಿರುವವಳು ಕಿತ್ತೂರಿನವಳು. ಅಲ್ಲಿ ನಿಂತು ಫೋಟೋ ತೆಗೆದು ರಾಜಾರಾಮನ ಕಥೆ ಬರೆಯಬೇಡಿ, ಪ್ಲೀಸ್.

ನಿಜವಾದ ವ್ಯತ್ಯಾಸ ಯಾರೂ ಕೇಳಲ್ಲ, ನಾನೇ ಹೇಳುತ್ತೇನೆ. ಕಿತ್ತೂರು ಚೆನ್ನಮ್ಮ ಹೋರಾಡಿದ್ದು ದತ್ತುಮಗ ಶಿವಲಿಂಗಪ್ಪನ ಹಕ್ಕಿಗಾಗಿ, ಗಾದಿ ಅವನದು ಅಂತ. ಕೆಳದಿಯವಳು ಹಾಗಲ್ಲ. ಗಂಡನ ಕೊಲೆಯಾದ ಮೇಲೆ ತಾನೇ ಗಾದಿ ಏರಿ ಸುಮಾರು 25 ವರ್ಷ ಆಳಿದಳು. ಬಸಪ್ಪ ನಾಯಕನನ್ನು ದತ್ತು ತೆಗೆದುಕೊಂಡಳು, ನಿಜ, ಆದರೆ ಅವನ ಸರದಿ ಬಂದಿದ್ದು ಅವಳ ನಂತರವೇ. ಯಾರ ಪರವಾಗಿಯೂ ಅಲ್ಲದೆ ತಾನೇ ದೊರೆಯಾಗಿ ಆಳುವುದು ಅಂದರೆ ಇದೇ. ಕಿತ್ತೂರಿನವಳ ಧೈರ್ಯ ಇದರಿಂದ ಒಂದು ಚೂರೂ ಕಡಿಮೆಯಾಗಲ್ಲ, ಜಗಳಕ್ಕೆ ಬರಬೇಡಿ.

ಇನ್ನೊಂದು, ಕೆಳದಿ ಚೆನ್ನಮ್ಮ ಆಳಿದ್ದು ಕೆಳದಿಯಿಂದಲ್ಲ! ರಾಜಧಾನಿ ಮೊದಲು ಇಕ್ಕೇರಿಗೆ ಹೋಗಿ, ಅವಳ ಕಾಲಕ್ಕೆ ಬಿದನೂರಿಗೆ ಬಂದಿತ್ತು. ಹೈದರ್ ಅದಕ್ಕೆ ಹೈದರನಗರ ಅಂತ ಹೆಸರಿಟ್ಟ. ಹೊಸನಗರ ತಾಲೂಕಿನ ನಗರ ಅಂತೀವಲ್ಲ, ಅದೇ ಊರು. ಕೋಟೆ ಈಗಲೂ ಇದೆ. ಹೈದರ್ ಬಂದಾಗ ಅಲ್ಲಿ ಆಡಳಿತ ನಡೆಸುತ್ತಿದ್ದವಳೂ ಒಬ್ಬ ರಾಣಿಯೇ, ವೀರಮ್ಮಾಜಿ. ಅವಳನ್ನೂ ಚೆನ್ನಮ್ಮ ಅಂದುಬಿಡಬೇಡಿ ಮತ್ತೆ.